ಮನೆಗೆಲಸದಾಕೆಯ ಹಕ್ಕು

ಪತಿ-ಪತ್ನಿ ಇಬ್ಬರೂ ದುಡಿಯುವ ಮನೆಗಳಿಗೆ ಇಂದು ಕೆಲಸದಾಕೆ ಬೇಕೇ ಬೇಕು. ನಾವು ಆಕೆಗೆ ಸಂಬಳ ಕೊಡುತ್ತೇವೆ. ಆಕೆ ನಮಗೆ ಕೊಡುವುದೇನು? ತೊಳೆದ ಪಾತ್ರೆ, ಒಗೆದ ಬಟ್ಟೆ ಮಾತ್ರವೇ? ಅಲ್ಲ, ತನ್ನ ಆಯುಷ್ಯದ ಗಂಟೆಗಳನ್ನು. ತನ್ನ ಮಕ್ಕಳಿಗೆ ಸಲ್ಲಬೇಕಾದ ವೇಳೆಯನ್ನು ಆಕೆ ನಮಗೆ ಒಪ್ಪಿಸಿದ್ದಾಳೆ. ಅದು ನಮ್ಮ ಕೈಯಲ್ಲಿರುವ ಅಮಾನತ್.

ಹ. ಅನಸ್(ರ) ಹತ್ತು ವರ್ಷ ಪ್ರವಾದಿವರ್ಯರ(ಸ) ಸೇವೆಯಲ್ಲಿದ್ದರು. ಒಮ್ಮೆಯೂ ಬೇಸರದ ಮಾತು ಕೇಳಲಿಲ್ಲವೆಂದು ಅವರೇ ಸ್ಮರಿಸಿದ್ದಾರೆ. ಸೇವಕರನ್ನು ಸಹೋದರರೆಂದು ಬಗೆದು, ತಾವು ಉಣ್ಣುವುದನ್ನೇ ಅವರಿಗೂ ಉಣಿಸಬೇಕೆಂಬ ಬೋಧನೆ ನಮಗೆಲ್ಲ ಬಾಯಿಪಾಠ. ಆದರೂ ಆಕೆಗೆ ನಿನ್ನೆಯ ಅನ್ನ, ನೆಂಟರು ಬಂದಾಗ ದುಪ್ಪಟ್ಟು ಕೆಲಸ, ಜ್ವರ ಬಂದ ದಿನಕ್ಕೆ ಸಂಬಳ ಕಡಿತ! ಇದು ಯಾವ ನ್ಯಾಯ?

ಕರ್ನಾಟಕದಲ್ಲಿ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಪಡಿಸಲಾಯಿತು. 14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕಿಡುವುದು 2006ರಿಂದ ದೇಶದಾದ್ಯಂತ ನಿಷಿದ್ಧ. ಆದರೆ ನಮ್ಮ ಅಡುಗೆಮನೆಗೆ ಯಾವ ಅಧಿಕಾರಿಯೂ ಬಂದು ಇಣುಕುವುದಿಲ್ಲ. ಅಲ್ಲಿ ನೋಡುವವನು ಅಲ್ಲಾಹನೊಬ್ಬನೇ.

ಆದುದರಿಂದ ಓದುಗರೇ, ಕೆಲಸಕ್ಕೆ ಸೇರಿಸುವ ದಿನವೇ ಕೆಲಸ, ವೇಳೆ, ವೇತನ, ವಾರದ ರಜೆಗಳನ್ನು ಮಾತಾಡಿ ನಿಶ್ಚಯಿಸಿರಿ. ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಕೂಲಿ ಕೊಡಿರಿ. ಸಂಬಳದ ದಿನ ಆಕೆ ಬಾಗಿಲಲ್ಲಿ ಕಾದು ನಿಲ್ಲದಿರಲಿ. ಕೇಳಲು ಸಂಕೋಚಪಡುವವಳಿಗೆ ಕೇಳುವ ಮೊದಲೇ ಕೊಡುವುದು ಔದಾರ್ಯವಲ್ಲ, ಸಾಲದ ತೀರುವಳಿ.