ಎರಡನೆಯ ಕಲ್ಲುಕುಟಿಗನ ಪರವಾಗಿ

ಗೋಲ್, ಏಮ್, ಟಾರ್ಗೆಟ್, ಪರ್ಪಸ್ ಎಲ್ಲವೂ ಒಂದೇ. ಅಳೆಯಲು ಬರುವಂತೆ ಬರೆದರೆ ಅದು ಗುರಿ, ಇಲ್ಲದಿದ್ದರೆ ಬರೀ ಆಸೆ. ಶಿಕ್ಷಕರ ತರಬೇತಿಗಳಲ್ಲಿ ಈ ಮಾತು ಕೇಳಿ ಕೇಳಿ ನನಗೆ ಸಿಟ್ಟು ಬಂದಿದೆ. ಬೋರ್ಡಿನ ಮೇಲೆ 'ಸ್ಮಾರ್ಟ್' ಎಂಬ ಐದಕ್ಷರದ ಸೂತ್ರ ಬೀಳುತ್ತದೆ: ನಿರ್ದಿಷ್ಟವಾಗಿರಲಿ, ಅಳತೆಗೆ ಸಿಗಲಿ, ಗಡುವು ಇರಲಿ. ಈ ಸೂತ್ರ ಹುಟ್ಟಿದ್ದು 1981ರಲ್ಲಿ. ಕಂಪನಿಗಳ ವ್ಯವಸ್ಥಾಪಕರಿಗಾಗಿ ಅಮೆರಿಕದ ಜಾರ್ಜ್ ಡೋರನ್ ಬರೆದ ಒಂದು ಚಿಕ್ಕ ಲೇಖನದಲ್ಲಿ. ಪ್ರತಿ ಗುರಿಗೂ ಐದೂ ಗುಣ ಇರಲೇಬೇಕೆಂದಿಲ್ಲ, ಎಲ್ಲವನ್ನೂ ಅಂಕಿಗೆ ಇಳಿಸಲು ಹೋಗಬೇಡಿ ಎಂದು ಅದೇ ಲೇಖನದಲ್ಲಿ ಅವರೇ ಎಚ್ಚರಿಸಿದ್ದರು. ಸೂತ್ರ ಬೀದರ್‌ವರೆಗೆ ಬಂತು, ಎಚ್ಚರಿಕೆ ಬರಲಿಲ್ಲ.

ನಾನು ಬೀದರ್ ಜಿಲ್ಲೆಯ ಔರಾದ್ ಕಡೆಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ನನ್ನ ಮಕ್ಕಳಲ್ಲಿ ಬಹಳ ಮಂದಿ ಮನೆಯಲ್ಲಿ ಮರಾಠಿ ಆಡುವವರು. 'ಈ ವರ್ಷ ನೂರಕ್ಕೆ ನೂರು ಫಲಿತಾಂಶ' ಎಂಬುದು ಟಾರ್ಗೆಟ್. 'ಮನಸ್ಸಿನಲ್ಲಿ ಇದ್ದದ್ದನ್ನು ಈ ಮಕ್ಕಳು ಕನ್ನಡದಲ್ಲಿ ಅಂಜದೆ ಹೇಳುವಂತಾಗಲಿ' ಎಂಬುದು ಉದ್ದೇಶ. ಮೊದಲನೆಯದು ಫಲಿತಾಂಶದ ದಿನ ಮುಗಿಯುತ್ತದೆ. ಎರಡನೆಯದು ಯಾವತ್ತೂ ಮುಗಿಯುವುದಿಲ್ಲ, ಸಾಧಿಸಿದೆ ಎಂದು ಸಹಿ ಹಾಕಲೂ ಬರುವುದಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ನಮ್ಮ ಜಿಲ್ಲೆ ಹಲವು ವರ್ಷ ಕೆಳಗಿನ ಸಾಲುಗಳಲ್ಲಿದ್ದುದರಿಂದ, ಡಿಸೆಂಬರ್ ಬಂತೆಂದರೆ ಎರಡನೆಯದನ್ನು ಕೈಬಿಟ್ಟು ಮೊದಲನೆಯದರ ಹಿಂದೆ ಓಡುತ್ತೇವೆ. ಹಿಂದುಳಿದ ಮಕ್ಕಳಿಗೆ 'ಪಾಸಿಂಗ್ ಪ್ಯಾಕೇಜ್' ಕೊಡುತ್ತೇವೆ: ಇಷ್ಟು ಪ್ರಶ್ನೆ, ಇಷ್ಟು ಉತ್ತರ, ಬಾಯಿಪಾಠ. ಪತ್ರಲೇಖನದ ನಮೂನೆ ಒಂದಕ್ಷರ ತಪ್ಪದೆ ಬರೆದ ಹುಡುಗ, ತನ್ನೂರಿನ ಬಸ್ಸು ಯಾಕೆ ಬರುತ್ತಿಲ್ಲ ಎಂದು ಡಿಪೋಗೆ ನಾಲ್ಕು ಸಾಲು ಬರೆ ಎಂದರೆ ಪೆನ್ನು ಹಿಡಿದು ಸುಮ್ಮನೆ ಕೂತಿದ್ದನ್ನು ನೋಡಿದ್ದೇನೆ.

ಗುರಿಯ ಬಗ್ಗೆ ಯೋಚಿಸಲು, ಫಲದ ಆಸೆ ಬಿಡು ಎನ್ನುವ ಗೀತೆಯ ದಾರಿ ಒಂದಿದೆ. ನಮ್ಮ ಬಸವಕಲ್ಯಾಣದ ಕಾಯಕ ತತ್ವ ಇದೆ. ವೇದಿಕೆ ವೇದಿಕೆಗಳಲ್ಲಿ ಹೇಳಿ ಹೇಳಿ ಅದರ ಮೊನೆ ಮೊಂಡಾಗಿದೆ. ಎಲ್ಲರ ಸುಖವನ್ನು ಕೂಡಿ ಕಳೆದು ನೋಡುವ ಇಂಗ್ಲಿಷ್ ಉಪಯುಕ್ತತಾವಾದವೂ ಇದೆ. ಇವುಗಳ ಜೊತೆ ನನ್ನ ಜಗಳವಿಲ್ಲ. ಜಗಳ ಇರುವುದು ಮ್ಯಾನೇಜ್‌ಮೆಂಟ್ ಚಿಂತಕ ಪೀಟರ್ ಡ್ರಕರ್ ಜೊತೆ. ತರಬೇತುದಾರರ ಮಾತುಗಳ ಬೇರು ಅಲ್ಲಿದೆ, ಮತ್ತು ಅವರು ಸುಲಭಕ್ಕೆ ಸೋಲುವ ಆಳಲ್ಲ.

1954ರಲ್ಲಿ ಬಂದ 'ದಿ ಪ್ರಾಕ್ಟೀಸ್ ಆಫ್ ಮ್ಯಾನೇಜ್‌ಮೆಂಟ್' ಪುಸ್ತಕದಲ್ಲಿ ಡ್ರಕರ್ ಮೂವರು ಕಲ್ಲುಕುಟಿಗರ ಹಳೆಯ ಕಥೆ ಹೇಳುತ್ತಾರೆ. ಏನು ಮಾಡುತ್ತಿದ್ದೀರಿ ಎಂದು ಕೇಳಿದಾಗ ಮೊದಲನೆಯವನು ಹೊಟ್ಟೆಪಾಡು ಎಂದ. ಎರಡನೆಯವನು, ಈ ಸೀಮೆಯಲ್ಲೇ ಯಾರೂ ಮಾಡದಷ್ಟು ಚೆನ್ನಾಗಿ ಕಲ್ಲು ಕಡಿಯುತ್ತಿದ್ದೇನೆ ಎಂದ. ಮೂರನೆಯವನು ತಲೆಯೆತ್ತಿ, ದೇವಾಲಯ ಕಟ್ಟುತ್ತಿದ್ದೇನೆ ಎಂದ. ಈ ಕಥೆ ಹೇಳುವವರೆಲ್ಲ ಮೂರನೆಯವನನ್ನು ಹೊಗಳಿ, ಮೊದಲನೆಯವನಿಗಾಗಿ ಮರುಗಿ ಮುಗಿಸುತ್ತಾರೆ. ಡ್ರಕರ್ ಹಾಗೆ ಮಾಡುವುದಿಲ್ಲ. ಮೊದಲನೆಯವನಿಂದ ತೊಂದರೆಯಿಲ್ಲ, ಕೂಲಿಗೆ ತಕ್ಕ ಕೆಲಸ ಮಾಡುತ್ತಾನೆ. ಸಮಸ್ಯೆ ಎರಡನೆಯವನು ಎನ್ನುತ್ತಾರೆ. ಕುಶಲತೆ ಬೇಕೇ ಬೇಕು, ಆದರೆ ಅದರಲ್ಲೇ ಮುಳುಗಿದವನು ಬರೀ ಕಲ್ಲು ಉಜ್ಜುತ್ತಾ ಏನೋ ಸಾಧಿಸುತ್ತಿದ್ದೇನೆ ಎಂದು ನಂಬಿಬಿಡುತ್ತಾನೆ, ಒಟ್ಟು ಸಂಸ್ಥೆಯ ಗುರಿ ಅವನ ಕಣ್ಣಿಗೆ ಬೀಳುವುದಿಲ್ಲ. ಇದು ಡ್ರಕರ್ ವಾದ.

ಬೀದರ್‌ನಲ್ಲಿ ಕೂತು ಇದನ್ನು ಒಪ್ಪುವುದು ಕಷ್ಟ. ಈ ಊರಿನ ಹೆಸರನ್ನು ಜಗತ್ತಿಗೆ ತಿಳಿಸಿದವನೇ ಎರಡನೆಯ ಕಲ್ಲುಕುಟಿಗ. ಬಿದರಿ ಕಾರಿಗರರ ಅಂಗಡಿಯಲ್ಲಿ ಎಷ್ಟೋ ಸಂಜೆ ಕೂತಿದ್ದೇನೆ. ಸುಮಾರು 16 ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಗೆರೆ ಕಾಣಲೆಂದು ಮೈಲುತುತ್ತು ಸವರಿ, ಉಳಿಯಿಂದ ಬಳ್ಳಿ ಕೊರೆದು, ಆ ಕೊರೆತದಲ್ಲಿ ಬೆಳ್ಳಿ ತಂತಿ ಕೂರಿಸಿ ತಟ್ಟುತ್ತಾರೆ. ಕೊನೆಗೆ ಕೋಟೆಯೊಳಗಿನ, ಬಿಸಿಲು ಮಳೆ ಕಾಣದ ಜಾಗದ ಮಣ್ಣನ್ನು ನವಸಾಗರದ ಜೊತೆ ಕಾಯಿಸಿ ಸವರಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಆ ಮಣ್ಣು ಸರಿಯಿದೆಯೋ ಇಲ್ಲವೋ ಎಂದು ನಾಲಿಗೆಗೆ ಹಚ್ಚಿ ನೋಡುತ್ತಾರೆ. ಬಳ್ಳಿಯ ತಿರುವು ಒಪ್ಪವಾಗಿ ಬಂತೆ ಎಂಬುದಷ್ಟೇ ಆ ಕ್ಷಣದ ಚಿಂತೆ. ಇದನ್ನು ಬರೀ ಕಲ್ಲುಜ್ಜುವುದು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಮಹಮೂದ್ ಗವಾನನ ಮದರಸಾದ ಮುಂದೆ ನಿಂತರೆ ವಾದ ಇನ್ನೂ ಗಟ್ಟಿಯಾಗುತ್ತದೆ. ಪರ್ಷಿಯಾದ ಗಿಲಾನಿನಿಂದ ಬಂದ ಈ ಬಹಮನಿ ಮಂತ್ರಿ 1472ರಲ್ಲಿ ಅದನ್ನು ಕಟ್ಟಿಸಿದ. ಡ್ರಕರ್ ಮೆಚ್ಚುವ ಮೂರನೆಯ ಮನುಷ್ಯ ಅವನು: ವಿದ್ಯಾಲಯ ಕಟ್ಟುತ್ತಿದ್ದೇನೆ ಎಂಬ ಪೂರ್ಣ ಅರಿವು ಇದ್ದವನು. 1481ರಲ್ಲಿ ಶತ್ರುಗಳು ಸೃಷ್ಟಿಸಿದ ಸುಳ್ಳು ಪತ್ರ ನಂಬಿ ಸುಲ್ತಾನ ಅವನ ತಲೆ ಕಡಿಸಿದ. 1696ರ ಸ್ಫೋಟದಲ್ಲಿ ಕಟ್ಟಡದ ಒಂದು ಭಾಗ ಹೋಯಿತು. ಇಂದು ಅಲ್ಲಿ ಪಾಠ ನಡೆಯುವುದಿಲ್ಲ. ಯಾವ ಉದ್ದೇಶಕ್ಕೆ ಕಟ್ಟಿದರೋ ಆ ಉದ್ದೇಶ ಕಟ್ಟಡ ಬಿಟ್ಟು ಹೋಗಿ ಶತಮಾನಗಳಾದವು. ಉಳಿದ ಕಟ್ಟಡದಲ್ಲಿ ಕಣ್ಣಿಗೆ ಬೀಳುವುದು ಒಂದು ಮಿನಾರು, ಮುಂಗೋಡೆಯ ಮೇಲೆ ಅಲ್ಲಲ್ಲಿ ಬಣ್ಣದ ಹೆಂಚು. ಹೆಸರಿಲ್ಲದ ಯಾವನೋ ಕೆಲಸಗಾರ ಆ ಹೆಂಚನ್ನು ಕೂರಿಸಿದ. ಮೂರನೆಯವನ ಗುರಿ ಕುಸಿದ ಜಾಗದಲ್ಲಿ ಎರಡನೆಯವನ ಕೈಕೆಲಸ ನಿಂತಿದೆ.

ಇಷ್ಟಕ್ಕೇ ಗೆದ್ದೆ ಎನ್ನಲಾರೆ. ಡ್ರಕರ್ ನನ್ನ ಎದುರು ಕೂತಿದ್ದರೆ ಒಂದೇ ಪ್ರಶ್ನೆ ಕೇಳುತ್ತಿದ್ದರು: ಗವಾನ್ ಕರೆಸದಿದ್ದರೆ ಆ ಕೆಲಸಗಾರ ಹೆಂಚನ್ನು ಯಾವ ಗೋಡೆಗೆ ಕೂರಿಸುತ್ತಿದ್ದ? ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಬಿದರಿಗೂ ಅದೇ ಮಾತು. 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. 2023ರಲ್ಲಿ ಬಿದರಿ ಕಲಾವಿದ ಶಾ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಆದರೂ ಕೊಳ್ಳುವವರು, ಮಾರುವವರು, ಲೆಕ್ಕ ಇಡುವವರು ಇಲ್ಲದೆ ಬಳ್ಳಿಯ ತಿರುವೊಂದೇ ಮನೆ ನಡೆಸುವುದಿಲ್ಲ. ಇನ್ನೊಂದನ್ನೂ ಒಪ್ಪಬೇಕು: ಡ್ರಕರ್ ಗುರಿಗಳ ಮಾತೆತ್ತಿದ್ದು ಮೇಲಿನವರ ಕೈಗೆ ಚಾವಟಿ ಕೊಡಲಿಕ್ಕಲ್ಲ. ಗುರಿ ಸ್ಪಷ್ಟವಿದ್ದರೆ ಕೆಲಸ ಮಾಡುವವನು ತನ್ನನ್ನು ತಾನೇ ಆಳಿಕೊಳ್ಳಬಹುದು, ಮೇಲಿನವನ ಕಾವಲು ಬೇಡ ಎಂಬುದು ಅವರ ಆಸೆ. ನಮ್ಮ ಜಿಲ್ಲೆಯಲ್ಲಿ ನಾನು ಕಂಡದ್ದು ಅದರ ತದ್ವಿರುದ್ಧ. ಆ ತಪ್ಪನ್ನು ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರನ್ನು ನೆನೆದರೆ ನನ್ನ ವಾದ ಇನ್ನಷ್ಟು ಅಲುಗಾಡುತ್ತದೆ. 1890ರಲ್ಲಿ ಕಮಲನಗರದಲ್ಲಿ ಹುಟ್ಟಿದ ಅವರು ನಿಜಾಮರ ಆಳ್ವಿಕೆಯಲ್ಲಿ, ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಅವರಿಗೆ ಟಾರ್ಗೆಟ್ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ನಿಜಾಮರ ಆಳ್ವಿಕೆ 1948ರಲ್ಲಿ ಮುಗಿಯುತ್ತದೆ, 1956ರಲ್ಲಿ ಬೀದರ್ ಕನ್ನಡ ರಾಜ್ಯಕ್ಕೆ ಸೇರುತ್ತದೆ ಎಂದು ಗಡುವು ಹಾಕಿಕೊಂಡು ಅಕ್ಷರ ತಿದ್ದಿಸಲು ಯಾರಿಂದ ಆಗುತ್ತಿತ್ತು? ಅಳೆಯಲಾಗದ್ದು ಬರೀ ಆಸೆ ಎನ್ನುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ. ಆದರೆ ಪಟ್ಟದ್ದೇವರು ಎರಡನೆಯ ಕಲ್ಲುಕುಟಿಗರಲ್ಲ. ಅಕ್ಷರ ತಿದ್ದಿಸುವಾಗಲೂ ಅವರ ಕಣ್ಣು ದೇವಾಲಯದ ಮೇಲೇ ಇತ್ತು. ಇಲ್ಲಿ ಡ್ರಕರ್ ಮಾತೇ ಸರಿ.

ಆ ಉರ್ದು ಫಲಕದಿಂದ ಹುಟ್ಟಿದ ಒಂದು ಯೋಚನೆ ನನಗೆ ಬಹಳ ದಿನ ಸಮಾಧಾನ ಕೊಟ್ಟಿತ್ತು. ಶೇಕಡಾವಾರು ಟಾರ್ಗೆಟ್ಟೂ ಹೊರಗೆ ಹಾಕುವ ಫಲಕವೇ ಇರಲಿ. ಒಳಗೆ ನಾವು ನಮ್ಮ ಉದ್ದೇಶದ ಪಾಠ ಮಾಡೋಣ. ಈ ಸಮಾಧಾನ ಉಳಿಯಲಿಲ್ಲ. ಹತ್ತನೆಯ ತರಗತಿಯ ಒಬ್ಬ ಹುಡುಗಿಯ ತಾಯಿ ಶಾಲೆಗೆ ಬಂದು, "ಪಾಸ್ ಒಂದ್ ಮಾಡಸ್ರಿ ಸರ್, ಫೇಲಾದ್ರ ಅವರಪ್ಪ ಲಗ್ನ ಮಾಡ್ತಾನ್ರಿ" ಎಂದು ಕೈಮುಗಿದಳು. ಪ್ಯಾಕೇಜ್ ಬಾಯಿಪಾಠ ಮಾಡಿ ಹುಡುಗಿ ಪಾಸಾದಳು, ಬೀದರ್‌ನಲ್ಲಿ ಪಿಯುಸಿಗೆ ಸೇರಿದಳು. ನಿಜಾಮರ ಕಾಲದ ಫಲಕ ಅಧಿಕಾರಿಯ ಕಣ್ಣಿಗಷ್ಟೇ ಇತ್ತು. ಒಳಗಿನ ಮಗುವಿಗೆ ಅದರಿಂದ ಏನೂ ಆಗಬೇಕಿರಲಿಲ್ಲ. ಇಲ್ಲಿ, ಪಾಸಾಗಲು ಬೇಕಿದ್ದ 35 ಅಂಕದ ಮೇಲೆ ಒಂದು ಮಗುವಿನ ಬಾಳೇ ನಿಂತಿತ್ತು. ಅವಳ ಪಾಲಿಗೆ ಟಾರ್ಗೆಟ್ಟೇ ಉದ್ದೇಶವಾಗಿತ್ತು, ನಾನು ಹಗುರಾಗಿ ಕಂಡ ಪ್ಯಾಕೇಜೇ ದಾರಿಯಾಗಿತ್ತು.

ಹಾಗಾಗಿ ಟಾರ್ಗೆಟ್ ಬೇಡ ಎಂದು ಬರೆಯಲು ಕೂತವನು ಅದನ್ನು ಬರೆಯಲಾರದೆ ನಿಂತಿದ್ದೇನೆ. ಟಾರ್ಗೆಟ್, ಉದ್ದೇಶ ಎರಡೂ ಬೇರೆ ಬೇರೆ ಎಂಬ ಮಾತು ಬಿಟ್ಟುಕೊಡುವುದಿಲ್ಲ. ಯಾವುದು ಯಾವಾಗ ಇನ್ನೊಂದಕ್ಕೆ ದಾರಿ ಬಿಡಬೇಕು ಎಂಬುದಕ್ಕೆ ಮಾತ್ರ ಸೂತ್ರ ಸಿಕ್ಕಿಲ್ಲ. ಒಂದೊಂದು ಮಗುವಿನ ಮುಂದೆ ಅದನ್ನು ಹೊಸದಾಗಿ ನಿರ್ಧರಿಸಬೇಕಾಗಿದೆ. ಶಾಲೆಗೆ ಬರುವ ಅಧಿಕಾರಿಗಳಲ್ಲಿ ನನ್ನ ಬೇಡಿಕೆ ಇಷ್ಟು: ಶೇಕಡಾವಾರು ಕೇಳಿ, ಕೊಡುತ್ತೇವೆ. ಆಮೇಲೆ ತರಗತಿಗೂ ಬನ್ನಿ. ಪ್ಯಾಕೇಜಿನಲ್ಲಿಲ್ಲದ ಒಂದು ಪ್ರಶ್ನೆಯನ್ನು ಒಂದು ಮಗುವಿಗೆ ಕೇಳಿ, ಅದು ತನ್ನ ಮಾತಿನಲ್ಲಿ ಉತ್ತರ ಹೇಳಿ ಮುಗಿಸುವ ತನಕ ಕೂತು ಕೇಳಿ.