ಹಿಟ್ಟಿನ ಹುಂಜ, ಹಿತ್ತಿಲ ಹ್ಯಾಟೆ

ಜನ್ನ 1209ರಲ್ಲಿ ಬರೆದು ಮುಗಿಸಿದ ‘ಯಶೋಧರ ಚರಿತೆ’ಯ ಹುಂಜಕ್ಕೆ ರಕ್ತವಿಲ್ಲ, ಮಾಂಸವಿಲ್ಲ. ಅದು ಹಿಟ್ಟಿನಿಂದ ಮಾಡಿದ್ದು. ಹೆಂಡತಿಯ ನಡತೆ ಕಂಡು ಕುದಿಯುತ್ತಿದ್ದ ಯಶೋಧರ ಅದನ್ನು ಬಾಯಿಬಿಟ್ಟು ಹೇಳಲಾರದೆ, ಕೆಟ್ಟ ಕನಸು ಬಿತ್ತೆಂದು ತಾಯಿಗೆ ಹೇಳುತ್ತಾನೆ. ಬಲಿ ಕೊಟ್ಟು ಶಾಂತಿ ಮಾಡಿಸೆಂದು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ. ಜೀವಹಿಂಸೆ ಒಲ್ಲೆನೆಂದವನು ಅವಳ ಮಾತು ಮೀರಲಾರದೆ, ಹಿಟ್ಟಿನ ಕೋಳಿಯಾದರೆ ಆಗಲಿ ಎಂದು ಒಪ್ಪಿಕೊಳ್ಳುತ್ತಾನೆ. ಕತ್ತಿ ಬಿದ್ದೊಡನೆ ಹಿಟ್ಟಿನ ಹುಂಜ ಕೂಗುತ್ತದೆ. ಅಲ್ಲಿಂದ ಮುಂದೆ ತಾಯಿ ಮಗ ಇಬ್ಬರೂ ನಾಯಿ ನವಿಲುಗಳಾಗಿ, ಇನ್ನೂ ಹಲವು ಪ್ರಾಣಿಗಳಾಗಿ ಹುಟ್ಟಿ ಸತ್ತು, ಕೊನೆಗೆ ತಾವೇ ಕೋಳಿಗಳಾಗಿ ಬಾಣಕ್ಕೆ ಸಿಕ್ಕಿ ಸಾಯುತ್ತಾರೆ. ಗಿರೀಶ ಕಾರ್ನಾಡರು 1980ರಲ್ಲಿ ‘ಹಿಟ್ಟಿನ ಹುಂಜ’ ನಾಟಕಕ್ಕೆ ಎತ್ತಿಕೊಂಡದ್ದು ಇದೇ ಕಥೆಯನ್ನು. ಏನನ್ನು ಕೊಂದೆ ಎಂಬುದು ಆಮೇಲಿನ ಮಾತು, ಕೊಲ್ಲುವೆನೆಂದು ಮನಸ್ಸು ಮಾಡಿದ್ದೇ ಪಾಪ ಎಂಬ ಜೈನ ನಿಲುವನ್ನು ಇಷ್ಟು ಕಟುವಾಗಿ ಹೇಳಿದ ಕೃತಿಗಳು ನಮ್ಮಲ್ಲಿ ವಿರಳ. ಈ ನಿಲುವನ್ನು ಬಲಿಪೀಠದ ಬಳಿಯಲ್ಲೇ ಬಿಟ್ಟುಬಿಡದೆ ಹಿತ್ತಿಲಿಗೂ ತಂದು ನೋಡಬೇಕು ಎಂಬುದು ನನ್ನ ವಾದ. ಕೊಲ್ಲುವ ಒಂದು ಗಳಿಗೆಯ ಸಂಕಲ್ಪಕ್ಕೆ ಅಷ್ಟು ತೂಕವಿದ್ದರೆ, ಸಾಕುವ ನೂರಾರು ದಿನಗಳ ಸಂಕಲ್ಪಕ್ಕೆ ತೂಕವಿಲ್ಲದೆ ಹೋದೀತೇ?

ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬುಡ ಈ ಪ್ರಶ್ನೆ ಕೇಳಲು ತಕ್ಕ ಜಾಗ. 1,454 ಮೀಟರ್ ಎತ್ತರದ ಬೆಟ್ಟದ ನೆತ್ತಿಯಲ್ಲಿ ಕೊಳಲು ಹಿಡಿದ ವೇಣುಗೋಪಾಲ ನಿಂತಿದ್ದಾನೆ. ದೇವರುಗಳಲ್ಲಿ ಇವನು ಸಾಕುವವನು. ಮೇಯಿಸುವುದು, ಕಾಯುವುದು, ಸಂಜೆಗೆ ಕರೆದು ತರುವುದು ಅವನ ಕೆಲಸ. ಮೇಲೆ ಮಂಜು ಹಾಯುತ್ತಿರುವ ಬೆಳಗಿನಲ್ಲೂ ಕೆಳಗೆ ಹಂಗಳ, ಗೋಪಾಲಪುರ, ಹುಂಡೀಪುರಗಳ ಕಡೆ ಬೇಸಿಗೆ ತನ್ನ ಪಾಡಿಗೆ ಕಾಯುತ್ತಿರುತ್ತದೆ. ಗುಂಡ್ಲುಪೇಟೆ ಮಳೆನೆರಳಿನ ಸೀಮೆ. ಮಾರ್ಚ್ ಏಪ್ರಿಲ್‌ನಲ್ಲಿ ನಡುಹಗಲು ನೆಲದ ಮೇಲೆ ಬರಿಗಾಲಿಡುವುದು ಕಷ್ಟ. ಅಂಥ ಊರುಗಳ ಹಿತ್ತಿಲಲ್ಲಿ ನಾಲ್ಕು ಹ್ಯಾಟೆ, ಒಂದು ಹುಂಜ, ಹಿಂದೆ ಮುಂದೆ ಓಡಾಡುವ ಮರಿಗಳು. ಪಕ್ಕದಲ್ಲೇ ನುಗ್ಗೆ, ಕರಿಬೇವು, ಎರಡು ಬಾಳೆಗಿಡ, ಒಂದು ಅವರೆ ಚಪ್ಪರ. ಮನೆಯ ಹೆಂಗಸರ ಕೈಗೆ ಯಾರನ್ನೂ ಕೇಳದೆ ಬರುವ ದುಡ್ಡು ಎಷ್ಟೋ ಕಡೆ ಈ ಮೊಟ್ಟೆಗಳದ್ದೇ. ಹಬ್ಬಕ್ಕೆ, ನೆಂಟರಿಗೆ, ಮಾರಮ್ಮನ ಹರಕೆಗೆ ಕುಯ್ಯುವ ಕೋಳಿಯೂ ಇದರೊಳಗಿಂದಲೇ ಬರಬೇಕು. ತಿನ್ನಲೆಂದೇ ಸಾಕಿದ್ದನ್ನು ಪ್ರೀತಿಯಿಂದ ಸಾಕಿದೆ ಎನ್ನುವುದು ಸುಳ್ಳಾಗುವುದಿಲ್ಲವೇ? ಆಗಲೇಬೇಕಿಲ್ಲ. ಆ ಪ್ರೀತಿ ನಿಜವೋ ಅಲ್ಲವೋ ಎಂಬುದನ್ನು ಕುಯ್ಯುವ ದಿನ ಅಳೆಯಲಾಗದು. ಬಿಸಿಲಿನ ದಿನಗಳಲ್ಲಿ ಅಳೆಯಬಹುದು.

ಏಕೆಂದರೆ ಬಿಸಿಲಿಗೆ ಕೋಳಿಯಷ್ಟು ಅಸಹಾಯವಾದ ಸಾಕುಪ್ರಾಣಿಗಳು ಕಡಿಮೆ. ಅದಕ್ಕೆ ಬೆವರಿನ ಗ್ರಂಥಿಗಳಿಲ್ಲ. ಮೈಯ ಸಹಜ ಬಿಸಿಯೇ 41 ಡಿಗ್ರಿಯ ಆಸುಪಾಸು. ಸುತ್ತಲಿನ ಗಾಳಿ 35 ಡಿಗ್ರಿ ಮುಟ್ಟಿದರೆ ಒಳಗಿನ ಕಾವನ್ನು ಹೊರಹಾಕಲು ಉಳಿಯುವ ದಾರಿ ಕೊಕ್ಕು ತೆರೆದು ಏದುವುದು, ರೆಕ್ಕೆಗಳನ್ನು ಮೈಯಿಂದ ಬಿಡಿಸಿ ಹಿಡಿಯುವುದು, ಜುಟ್ಟು ಮತ್ತು ಗಲ್ಲದ ತೊಗಲಿಗೆ ರಕ್ತ ಹರಿಸುವುದು, ಇಷ್ಟೇ. ಏದಿ ಏದಿ ರಕ್ತದ ಇಂಗಾಲದ ಡೈಆಕ್ಸೈಡ್ ಕಳೆದುಹೋದಂತೆ ಮೊಟ್ಟೆಯ ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ಸಾಲದಾಗುತ್ತದೆ. ಬೇಸಿಗೆಯ ಮೊಟ್ಟೆ ಕೈಯಲ್ಲೇ ಬಿರುಕು ಬಿಡುವುದಕ್ಕೆ ಒಂದು ಕಾರಣ ಇದು. ಹ್ಯಾಟೆಯ ಸಂಕಟ ಚಿಪ್ಪಿನ ಮೇಲೆ ಬರೆದಿರುತ್ತದೆ, ಓದುವ ಮನಸ್ಸಿದ್ದವರಿಗೆ. ಇದಕ್ಕೆ ಬೇಕಾದ ಪರಿಹಾರ ದುಬಾರಿಯದಲ್ಲ. ನುಗ್ಗೆಯೋ ಹೊಂಗೆಯೋ ಕೊಡುವ ನೆರಳು, ಆ ನೆರಳಲ್ಲಿ ದಿನಕ್ಕೆರಡು ಸಲ ಬದಲಿಸುವ ಮಡಕೆಯ ನೀರು, ಹೊಟ್ಟೆಯೂರಿ ಹೊರಳಾಡಲು ಒಂದಿಷ್ಟು ಸಡಿಲ ಮಣ್ಣು, ನಡುಹಗಲಿಗೆ ಬದಲಾಗಿ ಬೆಳಗ್ಗೆ ಸಂಜೆ ಹಾಕುವ ಕಾಳು. ಹಿತ್ತಿಲ ತೋಟ ಇಲ್ಲಿ ಅಲಂಕಾರವಲ್ಲ, ಅದೇ ಕೋಳಿಯ ಮನೆ. ಬಾಳೆಯ ಬುಡದ ತೇವದಲ್ಲಿ ಅದಕ್ಕೆ ಹುಳ ಸಿಗುತ್ತದೆ, ಚಪ್ಪರದ ಕೆಳಗೆ ತಂಪು ಸಿಗುತ್ತದೆ. ಅದರ ಹಿಕ್ಕೆ ತಿಪ್ಪೆಯಲ್ಲಿ ಕೊಳೆತು ಗಿಡಕ್ಕೆ ಮರಳುತ್ತದೆ. ಹಸಿ ಹಿಕ್ಕೆ ಬುಡ ಸುಡುವುದರಿಂದ ಕೊಳೆಯುವವರೆಗೆ ಕಾಯಬೇಕು. ಎಳೆ ಸೊಪ್ಪಿನ ಮಡಿಯನ್ನು ಕೆದಕಿ ಹಾಳುಮಾಡದಂತೆ ಮುಳ್ಳುಬೇಲಿ ಹಾಕಬೇಕು. ಈ ಯಾವುದಕ್ಕೂ ಹಣ ಮುಖ್ಯವಲ್ಲ, ಗಮನ ಮುಖ್ಯ. ನಿತ್ಯವೂ ಕೊಡಬೇಕಾದ ಈ ಗಮನವನ್ನೇ ನಾನು ಸಾಕುವ ಸಂಕಲ್ಪ ಎಂದು ಕರೆಯುತ್ತೇನೆ. ಜನ್ನ ಒಂದು ಕತ್ತಿಯೇಟಿಗೆ ಕೊಟ್ಟ ತೂಕವನ್ನು ಇದಕ್ಕೂ ಕೊಡಬೇಕು.

ಈ ಗಮನ ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಬೆಟ್ಟದ ದಾರಿಯಲ್ಲೇ ಸಾಕ್ಷಿಯಿದೆ. ಮುಂಗಾರಿನಲ್ಲಿ ಗುಂಡ್ಲುಪೇಟೆಯ ಹೊಲಗಳು ಚೆಂಡುಹೂವಿನಿಂದ ತುಂಬುತ್ತವೆ, ಬೆಟ್ಟಕ್ಕೆ ಹೋಗುವವರು ವಾಹನ ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಹೂವಿನಲ್ಲಿ ದೇವರ ಹಾರ ಸೇರುವುದು ಸ್ವಲ್ಪವೇ. ಬಹುಪಾಲು ಕಂಪನಿಗಳ ಒಪ್ಪಂದದ ಬೆಳೆ. ಅದರಿಂದ ತೆಗೆದ ಹಳದಿ ಸಾರದ ದೊಡ್ಡ ಉಪಯೋಗಗಳಲ್ಲೊಂದು ಕೋಳಿಯ ಆಹಾರಕ್ಕೆ ಸೇರಿಸಿ ಮೊಟ್ಟೆಯ ಹಳದಿಗೆ ಬಣ್ಣ ಬರಿಸುವುದು. ಸೊಪ್ಪು ಹುಲ್ಲು ಕುಕ್ಕಿದ ಹಿತ್ತಿಲ ಹ್ಯಾಟೆಯ ಮೊಟ್ಟೆಗೆ ತಾನಾಗಿ ಬರುವ ಬಣ್ಣವನ್ನು, ಹಸಿರನ್ನೇ ಕಾಣದ ಪಂಜರದ ಹ್ಯಾಟೆಯ ಮೊಟ್ಟೆಗೆ ಹೊರಗಿನಿಂದ ಒದಗಿಸಬೇಕಾಗಿದೆ. ಪಂಜರದಲ್ಲಿ ಒಂದು ಕೋಳಿಗೆ ಸಿಗುವ ಜಾಗ ಎ4 ಹಾಳೆಗಿಂತ ಕಡಿಮೆ. ರೆಕ್ಕೆ ಬಿಚ್ಚಲು, ಮಣ್ಣಲ್ಲಿ ಹೊರಳಲು, ಕತ್ತಲ ಮೂಲೆ ಹುಡುಕಿ ಮೊಟ್ಟೆಯಿಡಲು ಅಲ್ಲಿ ಆಗದು. ನಾಟಿ ಹ್ಯಾಟೆ ವರ್ಷಕ್ಕೆ 50-60 ಮೊಟ್ಟೆ ಇಟ್ಟರೆ ಇದು 300 ಇಡುತ್ತದೆ. ಮಾಂಸದ ಬ್ರಾಯ್ಲರ್ ಸುಮಾರು ಆರು ವಾರಕ್ಕೆ ಎರಡು ಕಿಲೋ ತೂಗಿ ಬದುಕು ಮುಗಿಸುತ್ತದೆ. ಅದೇ ಬೆಟ್ಟದ ಇಳಿಜಾರಿನಲ್ಲಿ, ಬಂಡೀಪುರದ ಕಾಡಿನಲ್ಲಿ, ಬೂದು ಕಾಡುಕೋಳಿ ಇಂದಿಗೂ ಕೂಗುತ್ತದೆ. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿಯಾದರೂ ಅದರ ಹಳದಿ ಚರ್ಮದ ಜೀನ್ ಬಂದದ್ದು ದಕ್ಷಿಣದ ಈ ಬೂದು ಕೋಳಿಯಿಂದ ಎಂದು 2008ರಲ್ಲಿ ತಳಿವಿಜ್ಞಾನಿಗಳು ತೋರಿಸಿದರು. ಲೋಕದ ಎಷ್ಟೋ ಕೋಟಿ ಪಂಜರದ ಕೋಳಿಗಳ ಮೈಯಲ್ಲಿ ಈ ಕಾಡಿನ ಒಂದು ತುಣುಕಿದೆ. ಕೆದಕುವ, ಹಾರುವ, ಅಡಗುವ ಆಸೆಯೂ ಅದರೊಂದಿಗೇ ಇದೆ. ಅದು ತಳಿ ತಿದ್ದಿದರೆ ಅಳಿದುಹೋಗುವಂಥದ್ದಲ್ಲ.

ಈಗ ನಮ್ಮ ಕಾನೂನು ಎಲ್ಲಿ ಕಣ್ಣಿಟ್ಟಿದೆ ನೋಡೋಣ. ಇದೇ ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ ಜನವರಿಯ ಹುಣ್ಣಿಮೆಯಿಂದ ಐದು ದಿನ ಸಿದ್ದಪ್ಪಾಜಿಯ ಜಾತ್ರೆ. ನೀಲಗಾರರು ಹಾಡುವ ಮಂಟೇಸ್ವಾಮಿ ಪರಂಪರೆಯ ಈ ಜಾತ್ರೆಯಲ್ಲಿ ಬಂದವರು ಬಿಡಾರ ಹೂಡಿ, ತಂದ ಕೋಳಿ ಕುರಿಗಳನ್ನು ಅಲ್ಲೇ ಬೇಯಿಸಿ, ಜಾತಿ ಕೇಳದೆ ಸಾಲಾಗಿ ಕೂತು ಉಣ್ಣುವುದೇ ಪಂಕ್ತಿಸೇವೆ. ರಾಜ್ಯದ 1959ರ ಪ್ರಾಣಿಬಲಿ ತಡೆ ಕಾಯ್ದೆಯನ್ನು ಮುಂದಿಟ್ಟು ಈಚಿನ ವರ್ಷಗಳಲ್ಲಿ ಇದಕ್ಕೆ ತಡೆ ಒಡ್ಡಲಾಯಿತು. ನಾವು ಬಲಿ ಕೊಡುತ್ತಿಲ್ಲ, ಇದು ನಮ್ಮ ಊಟ ಎಂದು ಭಕ್ತರು ವಾದಿಸಿದರು. ಭಕ್ತರ ಮಾತಿನಲ್ಲಿ ಹುರುಳಿದೆ. ಹಸಿದವರು ಒಟ್ಟಿಗೆ ಕೂತು ಉಣ್ಣುವುದನ್ನು ಬಲಿಯ ಹೆಸರಿನಲ್ಲಿ ತಡೆಯುವುದು ಅನ್ಯಾಯ. ಆದರೆ ಇಡೀ ವಾದ ನಡೆದದ್ದು ಕೋಳಿ ಎಲ್ಲಿ, ಯಾರ ಮುಂದೆ ಸತ್ತಿತು ಎಂಬುದರ ಸುತ್ತ. ಅದು ಹೇಗೆ ಬದುಕಿತ್ತು ಎಂದು ಎರಡು ಕಡೆಯವರೂ ಕೇಳಲಿಲ್ಲ. ಕೇಳುವ ಕಾನೂನು ಇಲ್ಲದಿಲ್ಲ. ಕೇಂದ್ರದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಅಲುಗಾಡಲು ತಕ್ಕಷ್ಟು ಜಾಗವಿಲ್ಲದ ಪಂಜರದಲ್ಲಿ ಪ್ರಾಣಿಯನ್ನು ಇಡುವುದು ಅಪರಾಧ. ಮೊಟ್ಟೆಕೋಳಿಗಳ ಸ್ಥಿತಿ ಸುಧಾರಿಸಬೇಕೆಂದು ಕೇಂದ್ರ ಕಾನೂನು ಆಯೋಗ 2017ರಲ್ಲಿ ತನ್ನ 269ನೇ ವರದಿಯಲ್ಲಿ ಹೇಳಿತು. ಯುರೋಪ್ ಒಕ್ಕೂಟ ಹಳೆಯ ಮಾದರಿಯ ಪಂಜರಗಳನ್ನು 2012ರಿಂದ ನಿಷೇಧಿಸಿದೆ. ನಮ್ಮಲ್ಲಿ ಜಾತ್ರೆಯ ಬಿಡಾರಕ್ಕೆ ಪೊಲೀಸರು ಹೋಗುತ್ತಾರೆ, ಸಾವಿರಾರು ಪಂಜರಗಳ ಶೆಡ್ಡಿಗೆ ಯಾರೂ ಹೋಗುವುದಿಲ್ಲ. ಹರಕೆಯ ಕೋಳಿಗೆ ಕಾಣುವ ಕ್ರೌರ್ಯ ಅಂಗಡಿಯ ಕೋಳಿಗೆ ಕಾಣುವುದಿಲ್ಲವೆಂದರೆ, ನಾವು ನೋಯುತ್ತಿರುವುದು ಕೋಳಿಗಾಗಿ ಅಲ್ಲ, ರಕ್ತ ಕಂಡ ನಮ್ಮ ಕಣ್ಣಿಗಾಗಿ.

ಇಲ್ಲಿ ಅಹಿಂಸೆಯ ಕಡೆಯಿಂದ ಬರುವ ಆಕ್ಷೇಪ ಬಲವಾದದ್ದು. ನೆರಳು ಕೊಟ್ಟೆ, ನೀರಿಟ್ಟೆ, ಆದ್ದರಿಂದ ಕತ್ತು ಕುಯ್ಯುವ ಹಕ್ಕು ಬಂತು ಎನ್ನುವುದು ಯಾವ ನ್ಯಾಯ? ನಂಬಿಸಿ ಕೊಲ್ಲುವುದು ಇನ್ನೂ ಹೆಚ್ಚಿನ ದ್ರೋಹವಲ್ಲವೇ? ಜನ್ನ ಕೇಳಿದ್ದರೆ ಹೀಗೆಯೇ ಕೇಳುತ್ತಿದ್ದ. ಇದಕ್ಕೆ ಪೂರ್ತಿ ಉತ್ತರ ನನ್ನ ಬಳಿ ಇಲ್ಲ, ಇದೆ ಎನ್ನುವವರನ್ನು ನಾನು ನಂಬುವುದೂ ಇಲ್ಲ. ಆರೈಕೆ ಕೊಲೆಯ ಪಾಪವನ್ನು ತೊಳೆಯುವುದಿಲ್ಲ. ಮಾಂಸ ಬಿಟ್ಟವರು ಮೆಟ್ಟಿಲಲ್ಲಿ ಮೇಲಿದ್ದಾರೆ ಎಂದು ಒಪ್ಪಲು ನನಗೆ ಅಡ್ಡಿಯಿಲ್ಲ. ಮೊಟ್ಟೆಗಷ್ಟೇ ಸಾಕುತ್ತೇವೆ ಎನ್ನುವವರಿಗೂ ಸುಲಭದ ಬಿಡುಗಡೆ ಇಲ್ಲ, ಏಕೆಂದರೆ ಕಾವಿಗೆ ಕೂತ ಹ್ಯಾಟೆ 21 ದಿನಕ್ಕೆ ಮರಿ ಮಾಡಿಸಿದಾಗ ಅರ್ಧದಷ್ಟು ಹುಂಜಗಳೇ. ಮೊಟ್ಟೆ ಉದ್ಯಮ ಆ ಗಂಡು ಮರಿಗಳನ್ನು ಹುಟ್ಟಿದ ದಿನವೇ ಕೊಂದು ಎಸೆಯುತ್ತದೆ, ಅಂಗಡಿಯ ಮೊಟ್ಟೆ ತಿನ್ನುವ ಸಸ್ಯಾಹಾರಿಯ ಲೆಕ್ಕದಲ್ಲೂ ಅವು ಸೇರಿವೆ. ಹಿತ್ತಿಲಲ್ಲಿ ಅವು ಆರೇಳು ತಿಂಗಳಾದರೂ ಬಿಸಿಲು ಮಣ್ಣು ಕಂಡು ಬದುಕುತ್ತವೆ. ನನ್ನ ವಾದ ಇಷ್ಟಕ್ಕೇ ನಿಲ್ಲುತ್ತದೆ: ಹಿಂಸೆ ಇಲ್ಲವೆಂದು ನಟಿಸದೆ, ಅದರ ಹೊಣೆಯನ್ನು ಕಣ್ಣೆದುರು ಇಟ್ಟುಕೊಳ್ಳುವವನು, ದುಡ್ಡು ಕೊಟ್ಟು ಅದನ್ನು ದೂರದ ಶೆಡ್ಡಿಗೆ ಸಾಗಹಾಕುವವನಿಗಿಂತ ಧರ್ಮಕ್ಕೆ ಹತ್ತಿರ. ಕೈಗೆ ರಕ್ತ ಹತ್ತದಿದ್ದರೆ ಸಾಕು ಎಂಬ ನೆಮ್ಮದಿ ಯಶೋಧರನದೂ ಆಗಿತ್ತು.

ಇನ್ನೊಂದು ಆಕ್ಷೇಪ ಪಶುವೈದ್ಯರ ಬಾಯಲ್ಲಿ ಬರಬಹುದಾದದ್ದು, ಇದನ್ನು ನಾನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಹಿತ್ತಿಲೆಂದರೆ ಸ್ವರ್ಗವಲ್ಲ. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಒಮ್ಮೆ ಹೊಕ್ಕರೆ ಕೇರಿಗೆ ಕೇರಿಯ ಕೋಳಿಗಳೇ ಕತ್ತು ತಿರುಚಿಕೊಂಡು ಸಾಯುತ್ತವೆ. ಮರಿಗಳನ್ನು ಹದ್ದು ಎತ್ತುತ್ತದೆ, ಮುಂಗುಸಿ ಹಿಡಿಯುತ್ತದೆ. ಕಾಡಂಚಿನ ಊರಿನಲ್ಲಿ ಕಾಡುಬೆಕ್ಕೂ ಚಿರತೆಯೂ ಬರುತ್ತವೆ. ಶೆಡ್ಡಿನ ಕೋಳಿಗೆ ಲಸಿಕೆ ಇದೆ, ಫ್ಯಾನ್ ಇದೆ, ಹೊತ್ತಿಗೆ ಮೇವಿದೆ. ಹಾಗಾದರೆ ಯಾವುದು ದಯೆ? ತಿಪ್ಪೆಯ ಮೇಲೆ ಬಿಟ್ಟು ನೆನಪಾದಾಗ ಹಿಡಿದು ಕುಯ್ಯುವುದನ್ನು ಸಾಕಣೆ ಎನ್ನಲಾಗದು ಎಂಬುದು ನಿಜ, ಮತ್ತು ಬಹಳಷ್ಟು ಹಿತ್ತಿಲುಗಳಲ್ಲಿ ನಡೆಯುತ್ತಿರುವುದು ಅದೇ. ಆದರೆ ಈ ಆಕ್ಷೇಪ ಹಿತ್ತಿಲನ್ನು ಬಿಡು ಎಂದು ಹೇಳುವುದಿಲ್ಲ, ಹಿತ್ತಿಲಲ್ಲಿ ಸರಿಯಾಗಿ ಸಾಕು ಎನ್ನುತ್ತದೆ. ಶೆಡ್ಡಿನ ಕೋಳಿಗೆ ನೆಲ, ಬಿಸಿಲು, ಮಣ್ಣುಸ್ನಾನ ಕೊಡಲು ಹೊರಟರೆ ಶೆಡ್ಡೇ ಉಳಿಯುವುದಿಲ್ಲ. ಹಿತ್ತಿಲ ಕೋಳಿಗೆ ಲಸಿಕೆ ಹಾಕಿಸಲು, ರಾತ್ರಿಗೆ ಗಾಳಿಯಾಡುವ ಭದ್ರವಾದ ಗೂಡು ಕಟ್ಟಲು, ಮರಿಗಳು ದೊಡ್ಡವಾಗುವ ತನಕ ಮಂಕರಿ ಮುಚ್ಚಿಡಲು ಹಿತ್ತಿಲನ್ನು ಒಡೆಯಬೇಕಿಲ್ಲ. ಒಂದರ ಕೊರತೆ ಅದರ ರಚನೆಯಲ್ಲೇ ಇದೆ, ಇನ್ನೊಂದರದು ನಮ್ಮ ಸೋಮಾರಿತನದಲ್ಲಿದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ರೂಪಿಸಿದ ಗಿರಿರಾಜ, ಸ್ವರ್ಣಧಾರ ತಳಿಗಳು ಹಿತ್ತಿಲಿಗೆಂದೇ ಬಂದವು. ಕತ್ತಿನಲ್ಲಿ ಪುಕ್ಕವಿಲ್ಲದ ಬೋಳು ಕತ್ತಿನ ಕೋಳಿ ಬಿಸಿಲನ್ನು ಹೆಚ್ಚು ತಾಳಬಲ್ಲದು. ದಯೆಗೆ ಇಂಥ ತಿಳಿವಳಿಕೆಯೂ ಬೇಕು. ಕನಿಕರವೊಂದರಿಂದ ಮರಿ ಬದುಕುವುದಿಲ್ಲ.

ಬೆಂಗಳೂರಿನಂಥ ನಗರಕ್ಕೆ ಹಿತ್ತಿಲ ಕೋಳಿ ಸಾಲದು ಎನ್ನುವವರಿಗೆ ನನ್ನ ಉತ್ತರ ಚಿಕ್ಕದು: ಸಾಲದು, ಆದ್ದರಿಂದ ಕಡಿಮೆ ತಿನ್ನೋಣ. ದಿನವೂ ಕೋಳಿ ತಿನ್ನುವುದು ಯಾವ ಧರ್ಮದ ಕಟ್ಟಳೆಯೂ ಅಲ್ಲ. ನಮ್ಮ ಹಿರಿಯರು ಹಬ್ಬಕ್ಕೆ, ಹರಕೆಗೆ, ನೆಂಟರು ಬಂದಾಗ ಉಂಡರು. ಪಂಜರದ ಕೋಳಿ ಬಡವರ ಪೌಷ್ಟಿಕ ಆಹಾರವಲ್ಲವೇ ಎಂಬ ಮಾತು ಮಾತ್ರ ಬೇರೆ ತೂಕದ್ದು. ಶಾಲೆಯ ಊಟದ ತಟ್ಟೆಗೆ ಬಿದ್ದ ಮೊಟ್ಟೆಯನ್ನು ನಾನು ಕಸಿಯಲಾರೆ, ಕಸಿಯುವವರ ಜೊತೆ ನಿಲ್ಲಲಾರೆ. ಆ ಮೊಟ್ಟೆಯನ್ನು ಇಟ್ಟ ಹ್ಯಾಟೆಗೆ ರೆಕ್ಕೆ ಬಿಚ್ಚುವಷ್ಟು ಜಾಗ ಕೊಡಿಸುವ ಹೊಣೆಯನ್ನು, ಅದರ ಬೆಲೆಯೊಂದಿಗೆ, ಸರ್ಕಾರ ಮತ್ತು ಉಳ್ಳವರು ಹೊರಬೇಕು, ಮಗುವಲ್ಲ.

ಹಿತ್ತಿಲಲ್ಲಿ ಕೋಳಿ ಸಾಕುವವರಲ್ಲಿ, ಅದರಲ್ಲೂ ಮಾರಮ್ಮನಿಗೋ ಸಿದ್ದಪ್ಪಾಜಿಗೋ ಒಂದನ್ನು ಮುಡಿಪಿಟ್ಟವರಲ್ಲಿ, ನನ್ನದೊಂದು ಕೋರಿಕೆ. ಮುಡಿಪಿಟ್ಟ ದಿನದಿಂದಲೇ ಅದು ದೇವರದು ಎಂದು ನೀವು ನಂಬುವುದಾದರೆ, ಆ ದಿನದಿಂದಲೇ ಅದನ್ನು ದೇವರದಂತೆ ನೋಡಿಕೊಳ್ಳಿ. ಬೇಸಿಗೆ ಕಾಲಿಡುವ ಮೊದಲು ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ ಕೊಕ್ಕರೆ ರೋಗದ ಲಸಿಕೆ ಹಾಕಿಸಿ. ನಡುಹಗಲಿನಲ್ಲಿ ಒಮ್ಮೆ ಹಿತ್ತಿಲಿಗೆ ಹೋಗಿ, ಹ್ಯಾಟೆ ಕೊಕ್ಕು ತೆರೆದು ಏದುತ್ತಿದೆಯೇ ನೋಡಿ. ಏದುತ್ತಿದ್ದರೆ ನೀರು ಬದಲಿಸಿ, ಗೂಡಿನ ಮೇಲೆ ಗರಿ ಹೊದಿಸಿ, ಈ ಮಳೆಗಾಲಕ್ಕೇ ಪಕ್ಕದಲ್ಲೊಂದು ನುಗ್ಗೆಯ ಕೊಂಬೆ ನೆಡಿ. ಜಾತ್ರೆಗೆ ಕಾಲುಕಟ್ಟಿ ತಲೆಕೆಳಗಾಗಿ ತೂಗುಹಾಕಿಕೊಂಡು ಹೋಗಬೇಡಿ, ಬುಟ್ಟಿಯಲ್ಲಿ ಕೂರಿಸಿಕೊಂಡು ಹೋಗಿ.