ಮೂಲೆ ತಿರುಗಿ ಬಂದ ಮಾತು

ಮಹಡಿಯ ಕೋಣೆಯಲ್ಲಿ ಕುಳಿತ ಅತ್ತೆಗೆ ಅಡಿಗೆಮನೆಯಲ್ಲಿರುವ ಸೊಸೆ ಕಾಣಿಸುವುದಿಲ್ಲ, ಆದರೆ ಅವಳ ದನಿ ಕೇಳಿಸುತ್ತದೆ. ರಾಬಿನ್ಸ್‌ವಿಲ್ಲಿನ ಟೌನ್‌ಹೌಸುಗಳಲ್ಲಿ, ಆರು ತಿಂಗಳಿಗೆಂದು ಊರಿನಿಂದ ಹಿರಿಯರು ಬಂದಿರುವ ಮನೆಗಳಿಗೆ ಇದು ಹೊಸತಲ್ಲ. ಹಾಗೆ ಕಿವಿಗೆ ಬಿದ್ದ ಮಾತಿಗೆ ಹೊಣೆ ಯಾರು? ಆಡಿದವರೋ, ಕೇಳಿಸಿಕೊಂಡವರೋ?

ಮೊದಲು ಸ್ವಲ್ಪ ಭೌತಶಾಸ್ತ್ರ. (ಪಿ.ಯು.ಸಿ.ಯಲ್ಲೇ ಸಾಕಾಗಿತ್ತು ಎನ್ನುವವರು ಕ್ಷಮಿಸಬೇಕು.) ಅಲೆಗಳು ಅಂಚಿನಲ್ಲಿ ಬಾಗಿ ಹರಡುವುದಕ್ಕೆ ವಿವರ್ತನೆ ಎನ್ನುತ್ತಾರೆ. ಬೆಳಕಿನ ಅಲೆ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ ಚಿಕ್ಕದು. ಮೂರಡಿಯ ಬಾಗಿಲು ಅದಕ್ಕೆ ಬಟ್ಟಬಯಲು, ನೇರವಾಗಿ ಹೋಗಿಬಿಡುತ್ತದೆ. ಬೆಳಕು ಬಾಗುವುದೇ ಇಲ್ಲವೆಂದಲ್ಲ. ದ್ರವದಲ್ಲಿ ಹಾಯುವ ಅತಿ ಸೂಕ್ಷ್ಮ ಶಬ್ದದ ಅಲೆಗಳು ಬೆಳಕನ್ನು ಹಲವು ಕಿರಣಗಳಾಗಿ ಹೇಗೆ ಒಡೆಯುತ್ತವೆಂದು 1935-36ರಲ್ಲಿ ನಮ್ಮ ಬೆಂಗಳೂರಿನಲ್ಲೇ ಸಿ. ವಿ. ರಾಮನ್ ಮತ್ತು ನಾಗೇಂದ್ರನಾಥರು ವಿವರಿಸಿದರು. ಆದರೆ ಮನೆಯ ಬಾಗಿಲಲ್ಲಿ ಬಾಗುವುದು ಶಬ್ದವೇ. 340 ಹರ್ಟ್ಸ್ ದನಿಯ ಅಲೆ ಸುಮಾರು ಒಂದು ಮೀಟರು, ಹೆಚ್ಚುಕಡಿಮೆ ಬಾಗಿಲಿನಷ್ಟೇ ಅಗಲ.

ಇಲ್ಲೊಂದು ಸೂಕ್ಷ್ಮವಿದೆ. ದನಿಯ ಏರಿಳಿತ, ಸಿಟ್ಟು, ಬೇಸರ ಇವೆಲ್ಲ ಬಹುಪಾಲು ಉದ್ದನೆಯ ಅಲೆಗಳಲ್ಲಿ ಬರುತ್ತವೆ. 'ಸ', 'ಶ'ಗಳ ಸುಯ್ಲು ಕೆಲವೇ ಸೆಂಟಿಮೀಟರಿನ ಅಲೆಗಳದ್ದು. ಅವು ಮೂಲೆಯಲ್ಲಿ ಅಷ್ಟಾಗಿ ಬಾಗುವುದಿಲ್ಲ, ಗೋಡೆಗೆ ಬಡಿದು ಬಂದದ್ದನ್ನೂ ಮೆಟ್ಟಿಲಿನ ಕಾರ್ಪೆಟ್ ಒಂದಷ್ಟು ನುಂಗುತ್ತದೆ. ಹೀಗಾಗಿ ಕೆಳಗೆ "ಅತ್ತೆಗೆ ಹಾಕು" ಎಂದರೂ "ಅತ್ತೆಗೆ ಸಾಕು" ಎಂದರೂ ಮೇಲೆ ಒಂದೇ. ಮಹಡಿ ತಲುಪುವುದು ಸಿಟ್ಟಿನ ದನಿ. ಮಾತನ್ನು ಕೇಳಿದವರೇ ತುಂಬಿಕೊಳ್ಳುತ್ತಾರೆ. ಆ ಸಿಟ್ಟು ಇನ್ಶೂರೆನ್ಸಿನವರ ಮೇಲಿದ್ದರೂ ಇರಬಹುದು.

ಹಾಗೆಂದು "ನಾನು ಅವರಿಗೆ ಹೇಳಿದ್ದಲ್ಲ" ಎಂಬ ಸಮಜಾಯಿಷಿಯನ್ನು ನಾನು ಒಪ್ಪಲಾರೆ. ಹೇಳದಿದ್ದರೂ ಅದು ತಲುಪಿದೆ. ಊರಲ್ಲಾದರೆ ಮನಸ್ಸು ಕೆಟ್ಟಾಗ ಜಗಲಿಗೋ, ದೇವಸ್ಥಾನಕ್ಕೋ, ತಂಗಿಯ ಮನೆಗೋ ಹೋಗಬಹುದಿತ್ತು. ಇಲ್ಲಿ ಕಾರು ಓಡಿಸಲು ಬಾರದ ಹಿರಿಯರು ಜನವರಿಯ ಹಿಮದಲ್ಲಿ ಎಲ್ಲಿಗೆ ಹೋದಾರು? ಆದ್ದರಿಂದ ಹೆಚ್ಚಿನ ಹೊಣೆ ಮನೆಯವರದೇ ಎಂದು ನನ್ನ ಎಣಿಕೆ.

ಆದರೆ ಹಿರಿಯರೂ ಕೆಳಗಿಳಿದು ಬಂದು "ಏನಂದೆಯಮ್ಮಾ?" ಎಂದು ಕೇಳುವುದಿಲ್ಲ. ಕೇಳಿದರೆ ಕದ್ದು ಕೇಳಿಸಿಕೊಂಡಂತಾಗುತ್ತದೆಂಬ ಸಂಕೋಚ. ಮೌನವಾಗಿ ಕ್ಯಾಲೆಂಡರಿನಲ್ಲಿ ವಾಪಸ್ ಟಿಕೆಟ್ಟಿನ ದಿನ ಎಣಿಸುತ್ತಾರೆ. ಅವರು ಬಾಗಿಲಿಗೆ ಕಿವಿಗೊಟ್ಟು ನಿಂತಿರಲಿಲ್ಲ. ಶಬ್ದ ತಾನಾಗಿ ಮೂಲೆ ತಿರುಗಿ ಅವರಿದ್ದಲ್ಲಿಗೆ ಬಂದಿತ್ತು. ಕೇಳುವ ಹಕ್ಕು ಅವರಿಗೆ ಖಂಡಿತ ಇದೆ.